ಐಲಾ ಉಳಿಸಿದ ಕಂಪನಿ

ಫಿನ್ಲೆಂಡಿನ ಕುವೊಪಿಯೊ ಊರಿನ ಸರೋವರದ ದಂಡೆಯ ಹೋಟೆಲಿನಲ್ಲಿ ಕಂಪನಿಯ ಐವತ್ತನೇ ವರ್ಷದ ಸಮಾರಂಭವಿತ್ತು. ಆಹ್ವಾನ ಬಂದಾಗ, ಅದರ ಮೇಲಿದ್ದ ಹೊಸ ಹೆಸರು ನೋಡಿ ಇದು ಯಾರದು ಎಂದು ಐಲಾ ಒಂದು ಗಳಿಗೆ ತಬ್ಬಿಬ್ಬಾದಳು. ಅವಳು ಕೆಲಸಕ್ಕೆ ಸೇರಿದಾಗ ಕಂಪನಿಯ ಹೆಸರು ಲುಮ್ಮೆ ಲೆಕ್ಕಕೇಂದ್ರ; ಸುತ್ತಲಿನ ಮರದ ಮಿಲ್ಲುಗಳ, ಪುರಸಭೆಗಳ ಸಂಬಳದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಿದ್ದ ಸಣ್ಣ ಸಂಸ್ಥೆ. ಆಮೇಲೆ ಸ್ವೀಡನ್ನಿನವರು ಕೊಂಡರು. ಅವರನ್ನು ನಾರ್ವೆಯವರು ನುಂಗಿದರು. ಪ್ರತಿ ಸಲವೂ ಬೋರ್ಡು ಬದಲಾಯಿತು, ಒಂದಷ್ಟು ಕುರ್ಚಿಗಳು ಖಾಲಿಯಾದವು.

ಆದರೂ ಅದು ಇಷ್ಟು ಕಾಲ ಬದುಕಿದ್ದು ತನ್ನಿಂದ ಎಂದು ಐಲಾ ಒಳಗೊಳಗೇ ನಂಬಿದ್ದಳು. ತೊಂಬತ್ತರ ದಶಕದ ಆ ಕೆಟ್ಟ ಕಾಲದಲ್ಲಿ, ಬ್ಯಾಂಕುಗಳೇ ಮುಳುಗುತ್ತಿದ್ದಾಗ, ಮುಖ್ಯಸ್ಥ ಓಸ್ಮೊ ಹರ್ಯು ನೌಕರರನ್ನೆಲ್ಲ ಕೂಡಿಸಿ, ಸಂಬಳದಲ್ಲಿ ಒಂದು ಪಾಲು ಬಿಟ್ಟುಕೊಡದಿದ್ದರೆ ಬಾಗಿಲು ಹಾಕುವುದೇ ಗತಿ ಎಂದಿದ್ದ. ನೌಕರರ ಸಂಘದ ಮುಖಂಡಳಾಗಿದ್ದ ಐಲಾ ಮನೆಮನೆಗೆ ಹೋಗಿ ಜನರನ್ನು ಒಪ್ಪಿಸಿದಳು. ಜಪ್ಪಯ್ಯ ಅಂದರೂ ಒಪ್ಪದವನು ರೇನೊ ಒಬ್ಬನೇ. "ಇವನು ಏನೋ ಮುಚ್ಚಿಡ್ತಿದ್ದಾನೆ ಐಲಾ, ನನಗೆ ವಾಸನೆ ಬರ್ತಿದೆ" ಎಂದ ಅವನನ್ನು ಅವಳು ಊಟದ ಕೋಣೆಯಲ್ಲಿ ಎಲ್ಲರೆದುರು ಸ್ವಾರ್ಥಿ ಎಂದು ಜರೆದಳು. ಅಂದಿನಿಂದ ಅವನ ಮೇಜಿನಲ್ಲಿ ಯಾರೂ ಕೂರಲಿಲ್ಲ. ಅವನು ಕೆಲಸ ಬಿಟ್ಟು ಬಸ್ಸು ಓಡಿಸಲು ಹೋದ. ಅವನ ಹೆಂಡತಿ ಹೆಲ್ವಿ ಐಲಾಳ ಬಾಲ್ಯದ ಗೆಳತಿ. ಆ ಗೆಳೆತನವೂ ಅಲ್ಲಿಗೇ ಮುಗಿಯಿತು.

ಮರುವರ್ಷ ಸ್ವೀಡನ್ನಿನವರು ಬಂದು ಮೊದಲು ಮನೆಗೆ ಕಳಿಸಿದವರಲ್ಲಿ ಐಲಾಳೂ ಇದ್ದಳು. ಹೋಗಲಿ, ಉಳಿದವರ ಅನ್ನವಾದರೂ ಉಳಿಯಿತಲ್ಲ ಎಂದುಕೊಂಡು ಅವಳು ಅದನ್ನೂ ನುಂಗಿಕೊಂಡಳು.

ಸಮಾರಂಭದಲ್ಲಿ ಸಾಲ್ಮನ್ ಸೂಪು ಬಡಿಸಿದರು. ಓಸ್ಲೊದಿಂದ ಬಂದಿದ್ದ ಅಧಿಕಾರಿಣಿ ಕಂಪನಿಯ ಇತಿಹಾಸ ಹೇಳುತ್ತ, ಆ ಕೆಟ್ಟ ವರ್ಷವನ್ನು "ಮುಖ್ಯಸ್ಥರ ದಿಟ್ಟ ನಿರ್ಧಾರ" ಎಂದು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟಳು. ಚಪ್ಪಾಳೆ ನಿಂತ ಮೇಲೆ ಓಸ್ಮೊ ಕೋಲೂರಿಕೊಂಡು ಐಲಾಳ ಮೇಜಿಗೇ ಬಂದ.

"ಐಲಾ! ಇವರು ಏನೇ ಹೇಳ್ಲಿ, ನೀನಿಲ್ದಿದ್ರೆ ಆ ಮಾರಾಟ ಆಗ್ತಾನೇ ಇರ್ಲಿಲ್ಲ ನೋಡು."

"ಯಾವ ಮಾರಾಟ?"

"ಅದೇ, ಸ್ವೀಡನ್ನಿನವರದ್ದು. ಮೊದಲು ಸಂಬಳದ ಖರ್ಚು ಇಳಿಸಿ ತೋರ್ಸು, ಆಮೇಲೆ ಮಾತು ಅಂದಿದ್ರು. ನಮ್ಮ ಕೈಲಿ ಎಲ್ಲಾಗ್ತಿತ್ತು? ನೀನು ಹೂವೆತ್ತಿದ ಹಾಗೆ ಮಾಡಿಕೊಟ್ಟೆ."

"ಮತ್ತೆ ಬಾಗಿಲು ಹಾಕ್ತೀವಿ ಅಂದಿದ್ರಲ್ಲ?"

ಓಸ್ಮೊ ನಕ್ಕ. "ಏನಾದ್ರೂ ಹೇಳ್ಬೇಕಿತ್ತಲ್ಲಮ್ಮ! ಅದೆಲ್ಲ ಯಾವ ಕಾಲದ್ದು. ಕೇಕ್ ತಗೋ."

ಅವನ ಮುಖಕ್ಕೆ ಬಿಸಿ ಸೂಪು ಎರಚಬೇಕು ಅನ್ನಿಸಿತು. ಆದರೆ ಕೈ ತಾನಾಗಿ ಚಾಚಿ ತಟ್ಟೆ ಹಿಡಿದುಕೊಂಡಿತು. ಬಾಯಿ "ಥ್ಯಾಂಕ್ಸ್" ಅಂದಿತು. ಅದಕ್ಕಾಗಿ ಅವಳಿಗೆ ಅವನಿಗಿಂತ ತನ್ನ ಮೇಲೇ ಹೇಸಿಗೆಯಾಯಿತು. ಕೇಕನ್ನು ಕಿಟಕಿಯ ಅಂಚಿನಲ್ಲಿಟ್ಟು, ಕೋಟು ಹಾಕಿಕೊಂಡು, ನೇರ ರೇನೊನ ಮನೆಗೆ ಹೋದಳು.

ಅವನು ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ. ಹೆಲ್ವಿ ವಸಂತದಲ್ಲೇ ತೀರಿಕೊಂಡಿದ್ದಳು. ಪತ್ರಿಕೆಯಲ್ಲಿ ನೋಡಿಯೂ ಐಲಾ ಮಣ್ಣಿಗೆ ಹೋಗಿರಲಿಲ್ಲ.

"ರೇನೊ, ನೀನು ಹೇಳಿದ್ದೇ ನಿಜ. ಓಸ್ಮೊ ಆಗಲೇ ಮಾರಾಟ ಕುದುರಿಸಿಕೊಂಡಿದ್ದನಂತೆ. ಈಗ ಅವನೇ ಹೇಳ್ದ."

ಅವನು ಕೊಡಲಿ ಇಳಿಸಲಿಲ್ಲ. "ಅವತ್ತೂ ಅವನು ಹೇಳಿದ್ದನ್ನೇ ನಂಬಿದೆ. ಇವತ್ತೂ ಅವನೇ ಹೇಳ್ಬೇಕಾಯ್ತು."

"ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ನನಗ್ಯಾಕೆ? ನಾನು ಬಸ್ಸಲ್ಲಿ ಆರಾಮಾಗೇ ಇದ್ದೆ. ಆ ಮಾತು ಬೇಕಾಗಿದ್ದಿದ್ದು ಹೆಲ್ವಿಗೆ. ಆಸ್ಪತ್ರೆಯಲ್ಲೂ ಕೇಳಿದ್ಲು, ಐಲಾ ಬಂದಿದ್ಲಾ ಅಂತ."

ರೇನೊ ಸೌದೆಯನ್ನು ತೋಳಿನ ತುಂಬ ಹೇರಿಕೊಂಡು ಒಳಗೆ ಹೋದ. ಬಾಗಿಲನ್ನು ಧಡಾರನೆ ಹಾಕಲಿಲ್ಲ; ಚಳಿಗಾಳಿ ನುಗ್ಗದಂತೆ ಯಾರಾದರೂ ಹಾಕಿಕೊಳ್ಳುವಷ್ಟೇ ಮೆಲ್ಲಗೆ ಹಾಕಿಕೊಂಡ. ಅವಳು ಅಂಗಳದಲ್ಲಿ ಬಹಳ ಹೊತ್ತು ನಿಂತಳು. ಬಾಗಿಲು ಮತ್ತೆ ತೆರೆಯಲಿಲ್ಲ.