ದೊಡ್ಡಮ್ಮ ಓದಿದ ಕೊನೇ ಸಿ.ಡಿ.

ದೊಡ್ಡಮ್ಮ ಅಂಧರ ಗ್ರಂಥಾಲಯಕ್ಕೆ ಕಾದಂಬರಿಗಳನ್ನು ಓದಿ ಸಿ.ಡಿ. ಮಾಡಿಕೊಡುತ್ತಿದ್ದವಳು. ದೊಡ್ಡಪ್ಪನ ಕಣ್ಣು ಹೋದಮೇಲೆ ಅವು ಮನೆಗೂ ಬಂದವು. ಆಮೇಲೆ ಗಂಟಲ ಆಪರೇಷನ್ನಿನಲ್ಲಿ ಅವಳ ದನಿ ಹೋಯಿತು. ಪೂರ್ತಿ ಹೋಗಿರಲಿಲ್ಲ, ಗೋಣಿಚೀಲ ಎಳೆದಂಥ ಒಂದು ಸದ್ದು ಉಳಿದಿತ್ತು. "ಇದು ಅವರಿಗೆ ಕೇಳಿಸಬಾರದು," ಅಂತ ಅಡುಗೆಮನೆಯಲ್ಲಿ ನನ್ನಿಂದ ಆಣೆ ಮಾಡಿಸಿದ್ದಳು. ದೊಡ್ಡಪ್ಪನ ಮುಂದೆ ಅವಳು ಮೂಕಿ. ಮಾತೆಲ್ಲ ಅವರ ಅಂಗೈ ಮೇಲೆ: ಒಮ್ಮೆ ತಟ್ಟಿದರೆ ಹೂಂ, ಎರಡು ಸಲಕ್ಕೆ ಊಹೂಂ, ಚಿವುಟಿದರೆ "ಸಾಕು, ಬಾಯಿ ಮುಚ್ಚಿ".

ಈಗ ದೊಡ್ಡಪ್ಪ ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಿತ್ತು. "ಅಲ್ಲಿಗೆ ಆ ಪ್ಲೇಯರ್ ಹೊತ್ಕೊಂಡು ಹೋಗೋಕಾಗುತ್ತೇನೇ? ನಿನ್ನ ದೊಡ್ಡಮ್ಮನ್ನ ಜೇಬಲ್ಲಿ ಹಿಡಿಯೋ ಹಾಗೆ ಮಾಡ್ಕೊಡು," ಅಂದರು. "ಇಷ್ಟು ವರ್ಷ ನಾನು ಅವಳ ಜೇಬಲ್ಲಿದ್ದೆ."

ಅವರ ಫೋನಿಗೆ ಹಾಕಲೆಂದು ಒಂದೊಂದೇ ಸಿ.ಡಿ.ಯನ್ನು ಕಂಪ್ಯೂಟರಿಗೆ ಕಾಪಿ ಮಾಡುತ್ತಾ ಬಂದೆ. ಕೊನೆಯದು ಒಳಗೆ ಹೋದದ್ದೇ ಡ್ರೈವ್ ಸಿಡಿಮಿಡಿಗೊಂಡಿತು. ದೊಡ್ಡಪ್ಪ ಬೆರಳಾಡಿಸಿ ಗುರುತು ಹಿಡಿಯಲೆಂದು ದೊಡ್ಡಮ್ಮ ಸಿ.ಡಿ.ಗಳ ಬೆನ್ನಿಗೆ ಬಟ್ಟೆಯ ಚುಕ್ಕಿ ಅಂಟಿಸಿದ್ದಳು. ಕೊನೆಯದಕ್ಕೆ ಚುಕ್ಕಿಗಳೇ ಜಾಸ್ತಿ, ತೂಕವೆಲ್ಲ ಒಂದೇ ಕಡೆ ಬಿದ್ದು ತಿರುಗುವಾಗ ಓಲಾಡುತ್ತಿತ್ತು. ಮಾತೆಲ್ಲ ಹೊಳೆಯುವ ಕೆಳಮೈಯಲ್ಲಿರುತ್ತೆ, ಮೇಲಿನದು ಬರೀ ಹೊದಿಕೆ ಅಂದುಕೊಂಡು ಒಂದು ಚುಕ್ಕಿಯನ್ನು ಉಗುರು ಹಾಕಿ ಕಿತ್ತೆ. ಚುಕ್ಕಿಯ ಜೊತೆ ಬೆಳ್ಳಿಯ ಪದರವೂ ಹಾಲಿನ ಕೆನೆಯಂತೆ ಎದ್ದು ಬಂತು. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣಿಸಿತು. ಗ್ರಂಥಾಲಯ ಎಂದೋ ಮುಚ್ಚಿತ್ತು. ಬೇರೆ ಪ್ರತಿ ಇರಲಿಲ್ಲ.

ದೊಡ್ಡಮ್ಮ ಆ ತೂತನ್ನು ನೋಡಿದಳು, ನನ್ನನ್ನು ನೋಡಿದಳು. ಕಪಾಟಿನಿಂದ ಆ ಸಿ.ಡಿ.ಗೆ ಓದಿದ್ದ ಪುಸ್ತಕ ತಂದುಕೊಟ್ಟಳು.

"ನೀನೇ ಓದು. ನನ್ನ ಹಾಗೆ. ಮದುವೆಮನೇಲೆಲ್ಲ ನನ್ನ ಅಣಕಿಸಿ ನಗಿಸ್ತಿದ್ದೆಯಲ್ಲ."

"ಅದು ತಮಾಷೆಗೆ, ದೊಡ್ಡಮ್ಮ."

"ತಮಾಷೆ ತೆಗೆದು ಓದು."

ಅಣಕಕ್ಕೆ ಉಪ್ಪು ಜಾಸ್ತಿ ಹಾಕಿದರಾಯಿತು. ಇಲ್ಲಿ ಉಪ್ಪು ತೆಗೆಯಬೇಕಿತ್ತು. ರೆಕಾರ್ಡ್ ಮಾಡುವಾಗ, ವಾಕ್ಯದ ಕೊನೆಗೆ ಅವಳು ಉಸಿರು ನುಂಗುವ ರೀತಿಯನ್ನು ಹಾಕಿದೆ. ಪುಟ ತಿರುಗಿಸುವ ಮುಂಚಿನ ಸಣ್ಣ ಕೆಮ್ಮನ್ನೂ ಹಾಕಿದೆ. ಅವಳ ಕಾಯಿಲೆ ಶುರುವಾದದ್ದು ಆ ಕೆಮ್ಮಿನಿಂದಲೇ ಎಂದು ಗೊತ್ತಿತ್ತು.

ಆಸ್ಪತ್ರೆಗೆ ಹೊರಡುವ ಮುಂಚೆ ದೊಡ್ಡಪ್ಪ ಇಯರ್‌ಫೋನ್ ಹಾಕಿಕೊಂಡು ನಾನು ಓದಿದ್ದ ಭಾಗವನ್ನೇ ಕೇಳಿದರು. ದೊಡ್ಡಮ್ಮ ಪಕ್ಕದಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದಳು. ಕೆಮ್ಮು ಬಂದಲ್ಲಿ ಅವರು ನಕ್ಕು ದೊಡ್ಡಮ್ಮನ ಕೈ ಹಿಡಿದರು.

"ಎಷ್ಟು ಚೆನ್ನಾಗಿ ಓದಿದೀಯೇ," ಅಂದರು. "ಮಿಕ್ಕಿದ್ದೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಆಸ್ಪತ್ರೆಗೆ ಇಷ್ಟೇ ಸಾಕು ನಂಗೆ."

ದೊಡ್ಡಮ್ಮನ ತುಟಿ ಅಲುಗಿತು. ನಾನು ಬೇಡ ಅಂತ ಕೈ ಮಾಡಿದೆ.

"ಅದು ನಾನಲ್ಲ," ಅಂದಳು.

ದೊಡ್ಡಪ್ಪ ಇಯರ್‌ಫೋನನ್ನು ಒಂದು ಕಿವಿಯಿಂದ ತೆಗೆದರು, ಆಮೇಲೆ ಇನ್ನೊಂದರಿಂದ. ಸದ್ದು ಬಂದ ಕಡೆಗೆ ಮುಖ ತಿರುಗಿಸಿದರು.

"ನಿಂಗೆ ಮಾತು ಬರುತ್ತೆ." ಇಯರ್‌ಫೋನನ್ನು ಮಡಿಲಲ್ಲಿಟ್ಟರು. "ಯಾವತ್ತಿಂದ?"

ದೊಡ್ಡಮ್ಮ ನನ್ನ ಕಡೆ ನೋಡಿದಳು, ಇದಕ್ಕೂ ಉತ್ತರವನ್ನು ಅವಳ ದನಿಯಲ್ಲಿ ನಾನೇ ಹೇಳಲಿ ಅನ್ನುವ ಹಾಗೆ.

ನಾನು ಬಾಯಿ ಬಿಡಲಿಲ್ಲ.