ಒಬ್ಬನೇ ದೇವರ ಎರಡು ಹೂ

ಬಸ್ಸು ಉಚ್ಚಂಗಿದುರ್ಗ ಬಿಟ್ಟಿತ್ತು. ಹರಪನಹಳ್ಳಿಯಲ್ಲಿ ಇಳಿದ ಕೂಡಲೇ ನಮ್ಮ ಯಜಮಾನರು ಎಸ್‌ಟಿಡಿ ಬೂತಿನಿಂದ ಕೊಟ್ಟೂರಿಗೆ ಫೋನು ಮಾಡಿ, ಗವಿಸಿದ್ದೇಶನ ಸಂಬಂಧ ಬೇಡ ಎನ್ನುವವರಿದ್ದರು. ಮಗಳು ಶೈಲಾ ಮೆಚ್ಚಿದ ಹುಡುಗ ಅವನು.

ಹೋದ ವಾರ ನಮ್ಮೂರ ಬಸವಣ್ಣನ ಗುಡಿಯಲ್ಲಿ ಹೂ ಕೇಳಿದ್ದೆವು. ಮೂರ್ತಿಯ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಬಲಕ್ಕೇ ಬಿತ್ತು. ಆದರೂ ಮೈದುನ ಮರುಳಪ್ಪ, “ದುರ್ಗದ ಅಮ್ಮನ್ನೂ ಒಂದ್ ಮಾತು ಕೇಳ್ರಿ” ಎಂದ. ಇವತ್ತು ಉಚ್ಚಂಗಿದುರ್ಗದ ಗುಡಿಯಲ್ಲಿ ಕೇಳಿದೆವು. ಎಡಕ್ಕೆ ಬಿತ್ತು.

ಕಣ್ಣೊರೆಸಿಕೊಳ್ಳುತ್ತಿದ್ದ ಶೈಲಾ ಏಕಾಏಕಿ ಎದ್ದು ಕೂತಳು. ಅಂಚೆ ತೆರಪಿನ ಶಿಕ್ಷಣದಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದಾಳೆ.

“ಅಪ್ಪಾ, ಬಾಗ್ದಾದದಾಗ ಯಹೂದಿ ಪಂಡಿತರಿದ್ರು, ಸಾವಿರ ವರ್ಷದ ಹಿಂದೆ. ದೇವರು ಇಬ್ರಿದ್ರೆ, ಒಬ್ಬ ಹೂಂ ಅಂದಿದ್ದಕ್ಕ ಇನ್ನೊಬ್ಬ ಉಹೂಂ ಅಂದ್ರೆ ಏನಾಗ್ತೈತಿ ಅಂತ ಕೇಳ್ಯಾರ. ನಾನು ಮದಿವಿ ಆದಾಕಿನೂ ಆಗ್ದಾಕಿನೂ ಎರಡೂ ಆಗಿ ಕುಂದರ್ಲೇನು?”

“ಇಬ್ರೂ ಮಾತಾಡಿ ಒಂದಾಗ್ತಾರ ಬಿಡು” ಎಂದರು ಯಜಮಾನರು.

“ಒಬ್ಬನ್ನ ಕೇಳ್ದs ಇನ್ನೊಬ್ಬನ ಕೈಲಿ ಏನೂ ಆಗಂಗಿಲ್ಲ ಅಂದಂಗಾತು. ಅಂಥಾವ ಎಂಥಾ ದೇವರು? ಇಲ್ಲಾ, ಮುಚ್ಚಿಟ್ಟು ಮಾಡ್ತಾನ ಅನ್ರಿ. ಆಗ ಇನ್ನೊಬ್ಬಗ ಗೊತ್ತಾಗ್ಲಿಲ್ಲ. ಅವ ದೇವರಲ್ಲ! ಅಂದಮ್ಯಾಲ ದೇವರು ಒಬ್ಬನs!”

ಹಿಂದಿನ ಸೀಟಿನವರು ಕತ್ತು ಚಾಚಿದರು. ಕಂಡಕ್ಟರ್, “ದೇವರು ಒಬ್ಬನs ಇರ್ಲಿ ಯಕ್ಕಾ, ನೀವು ಮೂರು ಮಂದಿ ಅದೀರಿ. ಟಿಕೀಟು ಮೂರs” ಎಂದ. ಬಸ್ಸೆಲ್ಲ ನಕ್ಕಿತು.

ಯಜಮಾನರು ನಗಲಿಲ್ಲ. “ಒಬ್ಬನs ಅಂತ ನಾನೂ ದಿನಾ ಮುಂಜಾನಿ ವಚನದಾಗ ಹೇಳ್ತೀನಿ. ಹಂಗಾರ ಯಾವ ಹೂ ಖರೆ? ಅದನ್ನ ಹೇಳು.”

ಶೈಲಾ ನನ್ನ ಕಡೆ ತಿರುಗಿದಳು. ಬಾಗ್ದಾದಿನವರು ಹೂ ಕೇಳಿದವರಲ್ಲವಲ್ಲ. ಕಿಟಕಿಯಾಚೆ ಹರಪನಹಳ್ಳಿಯ ಮನೆಗಳು ಕಾಣತೊಡಗಿದವು. ತವರಿನಲ್ಲಿ ನನ್ನಪ್ಪ ವಚನ ಹಾಡುವಾಗ ಕೂತು ಕೇಳಿ ಬೆಳೆದವಳು ನಾನು. ಕೇಳುವುದೇ ನನ್ನ ರೂಢಿ, ಮಾತು ಕಡಿಮೆ. ಆದರೆ ಈಗ ತಡೆಯಲಾಗಲಿಲ್ಲ.

“ಎರಡೂ ಖರೇನs ರೀ.”

“ಏನಂದಿ?”

“ಒಬ್ಬನs ಅಂದ್ರ, ಹೋದ ವಾರ ಹೂಂ ಅಂದಾಂವನ್ನs ಇವತ್ತು ಮತ್ತ ಕೇಳೀರಿ. ನಮ್ಮೂರಾಗ ಕೊಟ್ಟ ಮಾತಿನ ಮ್ಯಾಲೆ ದುರ್ಗದಾಗ ಅಪೀಲು ಹೋದಂಗಾತು. ಎಡಕ್ಕ ಹಾಕಿದ್ದು ಮದಿವಿಗಲ್ರೀ, ನಿಮ್ಮ ಅಪೀಲಿಗೆ!”

ಅವರು ನನ್ನನ್ನು ಹೊಸದಾಗಿ ಕಂಡವರಂತೆ ನೋಡಿದರು. ಮೀಸೆ ಅದುರಿತು. ಆಮೇಲೆ ನಗು ಒಡೆದುಕೊಂಡು ಬಂತು.

“ಎಲಾ ಇವಳ! ಅಪೀಲು ವಜಾ!”

ಬಸ್ಸು ಪೂರ್ತಿ ನಿಲ್ಲುವ ಮೊದಲೇ ಪಂಚೆ ಎತ್ತಿಕಟ್ಟಿ ಇಳಿದರು. ಶೈಲಾ ಚೀಲ, ಚಪ್ಪಲಿ ಎಲ್ಲ ಬಿಟ್ಟು ಬೆನ್ನುಹತ್ತಿ ಓಡಿದಳು. ನಾನು ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಬೂತು ಮುಟ್ಟುವಷ್ಟರಲ್ಲಿ, ಗಾಜಿನ ಬಾಗಿಲು ದಾಟಿ ಅವರ ದನಿ ರಸ್ತೆಗೆಲ್ಲ ಕೇಳುತ್ತಿತ್ತು:

“ಬೀಗರs! ಬಲಕ್ಕs ಆಗೈತ್ರಿ! ... ಇಲ್ರೀ, ಇನ್ನ ಯಾವ ಗುಡೀಗೂ ಹೋಗಂಗಿಲ್ರೀ!”