ಇನ್ನೊಂದು ಜಡೆ

ಒಂದು ಜಡೆ ಹೆಣೆದು ರಿಬ್ಬನ್ ಕಟ್ಟಿಯಾಗಿತ್ತು. ಇನ್ನೊಂದು ಕಡೆಯ ಕೂದಲನ್ನು ಮೂರು ಪಾಲು ಮಾಡಿ ಬೆರಳುಗಳ ನಡುವೆ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

"ಅಲ್ಲಾಡ್ಬೇಡ, ಬಂದೆ," ಎಂದು ಹೇಳಿ ಬಾಚಣಿಗೆಯನ್ನು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಮಗಳ ಕೈಗೆ ಕೊಟ್ಟು ಎದ್ದೆ. ಬಟಾಣಿ ತಲೆಯಾಡಿಸಲಿಲ್ಲ, ಅಲ್ಲಾಡಬೇಡ ಎಂದಿದ್ದೆನಲ್ಲ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿದ್ದಳೆಂದು ಅವಳಪ್ಪ ಇಟ್ಟ ಹೆಸರು ಅದು. ಈಗ ಎಂಟು ತುಂಬಿದ್ದರೂ ಬಟಾಣಿಯೇ.

ಬಾಗಿಲು ತೆರೆದರೆ ಮೊದಲು ಒಂದು ಕಂದು ಮೂಗು ಒಳಗೆ ಬಂತು, ಆಮೇಲೆ ಒಂದು ಮುದಿ ನಾಯಿ, ಆಮೇಲೆ ಉದ್ದನೆಯ ಹಗ್ಗ, ಹಗ್ಗದ ಕೊನೆಯಲ್ಲಿ ನನ್ನ ಗಿರಾಕಿ. ಪ್ರಯಾಣ ಹೋಗುವವರ ನಾಯಿ ಬೆಕ್ಕುಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು ಆಕೆಯ ಕಸುಬು. ನಾನು ಕಟ್ಟಿದ್ದ ಆಕೆಯ ವೆಬ್‌ಸೈಟ್ ಅವತ್ತು ಊರಿಗೆಲ್ಲ ತೆರೆದುಕೊಳ್ಳಬೇಕಿತ್ತು.

"ನಿದ್ದೆ ಕೆಡಿಸಿದ್ನೇನಮ್ಮಾ?"

"ನಿದ್ದೆ ಅಲ್ಲ ಅಕ್ಕ, ಜಡೆ ಕೆಡಿಸಿದ್ರಿ."

"ಅಯ್ಯೋ, ಜಡೆ ಎಲ್ಲಿ ಓಡಿಹೋಗುತ್ತೆ ಬಿಡು. ನನ್ನ ಹೆಸರು ಸ್ವಲ್ಪ ದೊಡ್ಡದು ಮಾಡ್ಬೇಕಿತ್ತು. ಫೋನಲ್ಲಿ ಹೇಳಿದ್ರೆ ನೀನು 'ಹೂಂ' ಅಂತೀಯ, ಮಾಡಲ್ಲ. ಅದಕ್ಕೇ ಖುದ್ದು ಬಂದೆ. ಸಾಹೇಬ್ರೂ ಬರ್ತೀನಿ ಅಂದ್ರು."

ಸಾಹೇಬರೆಂದರೆ ಆ ನಾಯಿ. ಅದು ನಮ್ಮ ಚಾಪೆಯ ಮೇಲೆ ಮೂರು ಸುತ್ತು ತಿರುಗಿ, ಸಂಬಳ ಬಂದ ಮರುದಿನದ ಗುಮಾಸ್ತನ ಹಾಗೆ ನೆಮ್ಮದಿಯಾಗಿ ಮಲಗಿಬಿಟ್ಟಿತು.

ನನ್ನ ಕಚೇರಿ ಎಂದರೆ ನಮ್ಮ ಊಟದ ಮೇಜು. ಒಂದು ಕಾಲು ಕುಂಟು, ಅದರ ಕೆಳಗೆ ಮಡಿಸಿದ ರಟ್ಟು. ಸುತ್ತ ಮೂರು ಕುರ್ಚಿ. ಒಂದು ನನ್ನದು, ಒಂದು ಬಟಾಣಿಯದು. ಮೂರನೆಯದರ ಮೇಲೆ ಈಗ ಪ್ರಿಂಟರ್ ಕೂತಿದೆ. ಅದನ್ನು ಅಲ್ಲಿಟ್ಟ ದಿನ ಬಟಾಣಿ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಅದನ್ನೇ ನೋಡುತ್ತ ನಿಂತಿದ್ದಳು. ಏನಾದರೂ ಕೇಳುತ್ತಾಳೆಂದು ನಾನು ಕಾದೆ. ಅವಳು ಕೇಳಲಿಲ್ಲ.

ಅವಳಪ್ಪ ಊರಿನ ಆ ತುದಿಯಲ್ಲಿ ಬೇರೆ ಮನೆ ಮಾಡಿದ್ದಾರೆ. ಜಗಳವಾಗಿ ಹೋದದ್ದಲ್ಲ. ಜಗಳವಾಡುವಷ್ಟು ಮಾತೂ ನಮ್ಮಲ್ಲಿ ಉಳಿದಿರಲಿಲ್ಲ. ಅವರು ಇಲ್ಲಿಗೆ ತಿರುಗಿ ಬರುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಮಗುವಿಗೆ ಮಾತ್ರ ಇಬ್ಬರೂ ಸೇರಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದ್ದೆವು: "ಅಪ್ಪಂಗೆ ಅಲ್ಲಿಂದ ಕೆಲಸಕ್ಕೆ ಹತ್ರ ಆಗುತ್ತೆ ಕಂದಾ. ಭಾನುವಾರ ಭಾನುವಾರ ಬಂದು ನಿನ್ನ ಕರ್ಕೊಂಡು ಹೋಗ್ತಾರೆ." ಅವಳು ಹೂಂ ಎಂದಳು. ಅಷ್ಟೇ. ಅದಕ್ಕೆ ಮುಂಚೆ ಆಕಾಶಕ್ಕೆ ಯಾಕೆ ಅಂಚಿಲ್ಲ, ಮೀನು ಹೇಗೆ ಸೀನುತ್ತೆ ಎಂದು ಬೆಳಗಿನಿಂದ ರಾತ್ರಿವರೆಗೆ ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಅಂದಿನಿಂದ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ಒಂದು ಪ್ರಶ್ನೆ ಅವಳ ಗಂಟಲವರೆಗೆ ಬಂದು ನಿಂತಿದೆ ಎಂದು ನನಗೆ ಕಾಣುತ್ತಿತ್ತು. ಅವಳಾಗಿ ಕೇಳಲಿ, ಅವಸರ ಮಾಡಬಾರದು ಎಂದುಕೊಂಡು ಕಾಯುತ್ತಿದ್ದೆ. ಕಾಯುವುದು ನನಗೆ ಚೆನ್ನಾಗಿ ಬರುತ್ತದೆ, ನನ್ನ ಕೆಲಸದಲ್ಲಿ ಅರ್ಧಪಾಲು ಅದೇ.

ನಾನು ಕಟ್ಟಿಕೊಟ್ಟ ವೆಬ್‌ಸೈಟುಗಳೆಲ್ಲ ಒಂದೇ ಬೀದಿಯಲ್ಲಿವೆ ಎಂದು ಬಟಾಣಿ ತೀರಾ ಚಿಕ್ಕವಳಿದ್ದಾಗ ನಂಬಿದ್ದಳು. ಹಲ್ಲಿನ ಡಾಕ್ಟರ ಪಕ್ಕದಲ್ಲಿ ದರ್ಜಿ, ದರ್ಜಿಯ ಎದುರಿಗೆ ಕೀಲಿಕೈ ಮಾಡುವವನು, ಮೂಲೆಯಲ್ಲಿ ಪಿಟೀಲು ಕಲಿಸುವ ಮೇಷ್ಟ್ರು. ಆ ಬೀದಿಯಲ್ಲಿ ಧೂಳಿಲ್ಲ, ಬಿಸಿಲು ಏರುವುದಿಲ್ಲ, ಯಾವ ಅಂಗಡಿಯ ಬಾಗಿಲೂ ಮುಚ್ಚುವುದಿಲ್ಲ. ಹೇಳುತ್ತಾ ಹೇಳುತ್ತಾ ಅವಳು ನನಗೂ ಅದನ್ನು ನಂಬಿಸಿಬಿಟ್ಟಳು. ಪಾತ್ರೆ ತೊಳೆಯುವಾಗ ನೊರೆಯೊಳಗೆ ಕೈಯಿಟ್ಟುಕೊಂಡೇ ನಾನು ಆ ಬೀದಿಯಲ್ಲಿ ಒಂದು ಸುತ್ತು ಹಾಕಿ ಬರುವುದುಂಟು. ದರ್ಜಿಯ ಕಿಟಕಿಯಲ್ಲಿ ನಾನು ಆರಿಸಿದ ಹಸಿರು ಬಣ್ಣ ಇನ್ನೂ ಮಾಸಿರುವುದಿಲ್ಲ. ಮೇಷ್ಟ್ರ ಮನೆಯೊಳಗೆ ಯಾರೋ ಒಂದೇ ಸ್ವರವನ್ನು ಮತ್ತೆ ಮತ್ತೆ ಎಳೆಯುತ್ತಿರುತ್ತಾರೆ. ನಲ್ಲಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ.

ಆ ಬೀದಿಗೆ ಯಾವ ಹೊಸ ಅಂಗಡಿ ಬಂದರೂ ಮೊದಲು ಕಾಲಿಡುವವಳು ಬಟಾಣಿ. ಕೆಲಸ ಮುಗಿದ ಮೇಲೆ ಅವಳನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, "ದರ್ಜಿಯ ಫೋನ್ ನಂಬರ್ ಹುಡುಕು," ಎಂದೋ "ಮೇಷ್ಟ್ರು ಯಾವ ದಿನ ರಜೆ ನೋಡು," ಎಂದೋ ಹೇಳುತ್ತೇನೆ. ಆಮೇಲೆ ನಮ್ಮಿಬ್ಬರ ಬಾಯಿಗೂ ಬೀಗ. ಅವಳು ಕೇಳಬಾರದು, ನಾನು ಹೇಳಬಾರದು. ಪುಟದ ಮೇಲೆ ಏನಿದೆಯೋ ಅದನ್ನಷ್ಟೇ ನೋಡಿ ದಾರಿ ಹುಡುಕಬೇಕು. ಗಿರಾಕಿಗಳ ಪಕ್ಕದಲ್ಲಿ ನಾನು ಕೂತಿರುವುದಿಲ್ಲವಲ್ಲ. ಮಗು ಎಲ್ಲಿ ತಡವರಿಸುತ್ತದೋ ಅಲ್ಲಿ ನನ್ನ ಕೆಲಸ ಕಚ್ಚಾ ಎಂದು ಅರ್ಥ. ನಾವು 'ಪರೀಕ್ಷೆ' ಎಂದು ಕರೆಯುವ ಆ ಆಟ ಅವಳಿಗೆ ಎಷ್ಟು ಇಷ್ಟವೆಂದರೆ, ಶುರುವಾಗುವ ಮೊದಲೇ ತುಟಿಯನ್ನು ಒಳಕ್ಕೆ ಎಳೆದುಕೊಂಡು ಕೂರುತ್ತಾಳೆ.

ಗಿರಾಕಿ ಅಕ್ಕನ ಹೆಸರನ್ನು ದೊಡ್ಡದು ಮಾಡಿದೆ. "ಇನ್ನೂ ಸ್ವಲ್ಪ," ಎಂದರು. ಮಾಡಿದೆ.

"ಇನ್ನೂ ಒಂಚೂರು ಆಗುತ್ತಾ?"

"ಆಗುತ್ತೆ ಅಕ್ಕ. ಆದ್ರೆ ನಾಯಿಗಳಿಗೆ ಜಾಗ ಇರಲ್ಲ. ಅವೆಲ್ಲ ನಿಮ್ಮ ಹೆಸರಿನ ಮೇಲೇ ಮಲಗ್ಬೇಕಾಗುತ್ತೆ."

"ಮಲಗ್ಲಿ ಬಿಡು. ಮನೇಲಿ ನನ್ನ ಮೇಲೇ ಮಲಗ್ತಾವೆ."

ಬಟಾಣಿ ನಕ್ಕಳು. ಸದ್ದಿಲ್ಲದ ನಗು, ಒಂದು ಜಡೆ ಅಲ್ಲಾಡಿತು, ಬಿಚ್ಚಿದ ಕಡೆಯ ಕೂದಲು ಮುಖಕ್ಕೆ ಬಿತ್ತು. "ಬಾ ಬಟಾಣಿ," ಎಂದೆ. "ಸಾಹೇಬ್ರನ್ನ ಹುಡುಕು. ಆಮೇಲೆ ಬಿಳಿ ಬೆಕ್ಕನ್ನ ಹುಡುಕು." ಅವಳು ಕುರ್ಚಿ ಹತ್ತಿ ತುಟಿ ಒಳಗೆಳೆದುಕೊಂಡಳು. ಅಕ್ಕನಿಗೂ ನಿಯಮ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲೇ "ಆಯ್ತು" ಎಂದರು.

ಸಾಹೇಬರು ಬೇಗ ಸಿಕ್ಕರು. ಫೋಟೋ ಒತ್ತಿದ ಕೂಡಲೇ ಪರದೆ ತುಂಬ ಅದೇ ಕಂದು ಮೂಗು, ಅದೇ ನಿದ್ದೆಗಣ್ಣು. ಪಕ್ಕದಲ್ಲಿ ನಾನೇ ಬರೆದ ಎರಡು ಸಾಲು: ಇವರಿಗೆ ಕಿಟಕಿ ಪಕ್ಕದ ಜಾಗ ಇಷ್ಟ. ಗುಡುಗಿದರೆ ಹೆದರುತ್ತಾರೆ, ಪಕ್ಕದಲ್ಲಿ ಯಾರಾದರೂ ಕೂತರೆ ಸಾಕು.

ಇನ್ನು ಬೆಕ್ಕು. ಬಟಾಣಿ ಪುಟದ ಮೇಲಿನ ತುದಿಗೆ ಹೋದಳು. ಏನೂ ಇಲ್ಲ. ಕೆಳಗಿಳಿದಳು, ಅಲ್ಲೂ ಇಲ್ಲ. ಎಡ ಮೂಲೆ, ಬಲ ಮೂಲೆ. ನಾಯಿಯ ಕಿವಿ ಒತ್ತಿ ನೋಡಿದಳು. ಮೂಗು ಒತ್ತಿದಳು. ನಾನು ಅವಳ ಹೆಗಲ ಹಿಂದಿನಿಂದ ನೋಡುತ್ತಿದ್ದೆ. ದಾರಿ ಅವಳಿಗೆ ತಾನೇ ಸಿಗುತ್ತದೆ ಎಂಬ ಸೋಮಾರಿ ನಂಬಿಕೆಯಲ್ಲಿ ಮನಸ್ಸು ಎಲ್ಲೋ ತೇಲುತ್ತಿತ್ತು. ಕಿಟಕಿಯ ಬಿಸಿಲು ಮೇಜಿನ ಮೇಲೆ ನಿಧಾನವಾಗಿ ಹರಡಿ, ಕೀಲಿಮಣೆಯ ಮೇಲಿದ್ದ ಅವಳ ಸಣ್ಣ ಕೈಯನ್ನು ಮುಟ್ಟಿ, ನೀರು ಏರಿದಂತೆ ಮೊಣಕೈವರೆಗೆ ಏರಿತು. ಎಲ್ಲೋ ಯಾರೋ ಬಟ್ಟೆ ಒಗೆಯುವ ಸದ್ದು. ಚಾಪೆಯ ಮೇಲಿನ ನಾಯಿ ಕನಸಿನಲ್ಲಿ ಓಡುತ್ತಿತ್ತು, ಕಾಲು ಮಾತ್ರ ಸ್ವಲ್ಪ ಸ್ವಲ್ಪ ಅಲುಗುತ್ತಿತ್ತು.

ಬಟಾಣಿ ಮತ್ತೆ ಮೇಲಿನ ತುದಿಗೆ ಹೋದಳು. ಮತ್ತೆ ಕೆಳಗೆ.

ಅಕ್ಕನಿಗೆ ತಡೆಯಲಾಗಲಿಲ್ಲ. ಸೆರಗಿನ ಒಳಗಿನಿಂದಲೇ ಪಿಸುಗುಟ್ಟಿದರು: "ಅಲ್ಲಮ್ಮಾ, ಪಾಪ, ಹೇಳ್ಬಾರ್ದಾ? ನಂಗೇ ನೋಡಕ್ಕಾಗ್ತಿಲ್ಲ."

ನಾನು ಬೆರಳು ತುಟಿಯ ಮೇಲಿಟ್ಟೆ. ಇಟ್ಟ ಬೆರಳು ಅಲ್ಲೇ ನಿಂತುಹೋಯಿತು.

ಈ ಹುಡುಕಾಟವನ್ನು ನಾನು ಎಲ್ಲೋ ನೋಡಿದ್ದೆ. ಪರದೆಯ ಮೇಲಲ್ಲ. ಈ ಮನೆಯಲ್ಲೇ. ಶಾಲೆಯಿಂದ ಬಂದವಳು ಕಪಾಟಿನ ಬಾಗಿಲು ತೆಗೆದು, ಖಾಲಿಯಾದ ಎಡಗಡೆಯ ಅರೆ ನೋಡಿ, ಸದ್ದಾಗದಂತೆ ಮುಚ್ಚುವುದು. ಚಪ್ಪಲಿ ಗೂಡಿನ ಕೆಳಗಿನ ಅಂತಸ್ತಿಗೆ ಬಗ್ಗಿ ನೋಡುವುದು. ಬಾಗಿಲ ಹಿಂದೆ ಅವಳಪ್ಪನ ಕೋಟು ತೂಗುತ್ತಿದ್ದ ಗೂಟವನ್ನು ತುದಿಗಾಲಲ್ಲಿ ನಿಂತು ಮುಟ್ಟುವುದು. ಮಕ್ಕಳು ಹೀಗೇ ಸುಮ್ಮನೆ ಓಡಾಡುತ್ತವೆ ಎಂದು ನಾನು ಪಲ್ಯಕ್ಕೆ ಒಗ್ಗರಣೆ ಹಾಕುತ್ತಲೋ ಯಾರದೋ ಫೋಟೋ ಕತ್ತರಿಸುತ್ತಲೋ ಇದ್ದುಬಿಟ್ಟಿದ್ದೆ. ನೋಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಅವಳ ಹೆಗಲ ಹಿಂದೆ ಹೀಗೇ ನಿಂತಿದ್ದೆ.

ಮಗುವಿಗೆ ಅದು ಮತ್ತಿನ್ನೇನಾಗಿ ಕಂಡೀತು? ಅಮ್ಮ ಮಾತಾಡದೆ ನೋಡುತ್ತಿದ್ದಾಳೆ ಎಂದರೆ ಪರೀಕ್ಷೆ ನಡೆಯುತ್ತಿದೆ ಎಂದೇ ಅರ್ಥ. ಕೇಳಿದರೆ ಸೋತ ಹಾಗೆ. ಅಪ್ಪ ಇಲ್ಲಿಗೆ ವಾಪಸ್ಸು ಬರುವ ದಾರಿ ಮನೆಯೊಳಗೇ ಎಲ್ಲೋ ಇದೆ, ಕಣ್ಣು ಬಿಟ್ಟು ಹುಡುಕಬೇಕು ಅಷ್ಟೇ.

ಕುರ್ಚಿಯ ಪಕ್ಕ ಮಂಡಿಯೂರಿ ಕೂತೆ. "ಬಟಾಣಿ, ಈ ಪುಟದಲ್ಲಿ ಹಿಂದಕ್ಕೆ ಹೋಗೋ ದಾರಿ ಇಲ್ಲ ಕಂದಾ."

ಅವಳು ಗಾಬರಿಯಾಗಿ ನನ್ನ ಬಾಯಿಯನ್ನೇ ನೋಡಿದಳು.

"ನಾನೇ ಇಡೋದು ಮರ್ತಿದ್ದೀನಿ. ಸಾಹೇಬ್ರ ಫೋಟೋಗೆ ಬಂದವ್ರು ಬೇರೆ ಕಡೆ ಓಡ್ಬಾರ್ದು ಅಂತ ಅಕ್ಕ ಹೇಳಿದ್ರು. ಮೇಲಿದ್ದಿದ್ದೆಲ್ಲಾ ಕಿತ್ತು ಹಾಕೋವಾಗ ಬಾಗಿಲನ್ನೂ ಕಿತ್ತು ಹಾಕ್ಬಿಟ್ಟೆ. ನೀನು ಎಷ್ಟು ಹುಡುಕಿದ್ರೂ ಸಿಗಲ್ಲ. ತಪ್ಪು ನಿಂದಲ್ಲ."

"ಮಾತಾಡ್ಬಾರ್ದು," ಎಂದು ಅವಳು ತುಟಿ ಬಿಡಿಸದೆಯೇ ಹೇಳಿದಳು.

"ಇನ್ಮೇಲೆ ಮಾತಾಡ್ಬಹುದು. ಕೇಳ್ಬಹುದು. ದಾರಿ ಕಾಣ್ಲಿಲ್ಲ ಅಂದ್ರೆ ಯಾವಾಗ ಬೇಕಾದ್ರೂ ಕೇಳ್ಬಹುದು."

"ಪರೀಕ್ಷೆಲೂ?"

"ಪರೀಕ್ಷೆಲೂ. ಪರೀಕ್ಷೆ ಅಲ್ದೆ ಇದ್ದಾಗ್ಲೂ."

ಅಕ್ಕ ಸೆರಗು ಕೆಳಗಿಳಿಸಿ ದೀರ್ಘವಾಗಿ ಉಸಿರು ಬಿಟ್ಟರು. "ಅಬ್ಬಾ! ನೀವಿಬ್ರೂ ಸೇರಿ ನನ್ನ ಕೊಂದೇ ಹಾಕ್ತೀರ ಅಂದ್ಕೊಂಡೆ. ಅಲ್ಲಮ್ಮಾ, ಓಡಿಹೋಗ್ಬಾರ್ದು ಅಂದೆ, ಕೂಡಿ ಹಾಕು ಅಂದ್ನಾ?"

ನಾನು ಆ ಪುಟದ ಮೇಲ್ತುದಿಯಲ್ಲಿ ಒಂದು ಬಾಣದ ಗುರುತನ್ನು ಇಟ್ಟೆ. ಬಣ್ಣ ಬಟಾಣಿ ಆರಿಸಿದಳು, ಸಾಹೇಬರ ಮೂಗಿನ ಕಂದು. ಅವಳು ಒತ್ತಿದಳು, ಎಲ್ಲ ನಾಯಿ ಬೆಕ್ಕುಗಳಿರುವ ಮೊದಲ ಪುಟ ಬಂತು. ಬಿಳಿ ಬೆಕ್ಕು ಅಲ್ಲೇ ಕೂತಿತ್ತು. ಅವಳು ಅದನ್ನು ಬಿಟ್ಟು ಮತ್ತೆ ಸಾಹೇಬರ ಬಳಿಗೆ ಹೋಗಿ, ಮತ್ತೆ ಹಿಂದಕ್ಕೆ ಬಂದಳು. ಮತ್ತೆ ಹೋದಳು, ಮತ್ತೆ ಬಂದಳು. ಅಕ್ಕ ನಾಯಿಯನ್ನು ಎಬ್ಬಿಸಿ, ಅದು ಮೈ ಮುರಿಯುವವರೆಗೆ ಕಾದು, "ಜಡೆ ಮುಗಿಸಮ್ಮಾ, ಹುಡುಗಿ ಒಂದು ಕಡೆ ಶಾಲೆಗೆ ಹೊರಟ ಹಾಗೆ, ಇನ್ನೊಂದು ಕಡೆ ಈಗ ಎದ್ದ ಹಾಗೆ ಕಾಣ್ತಾಳೆ," ಎಂದು ಹೇಳಿ ಹೊರಟರು. ಮೆಟ್ಟಿಲಿನಲ್ಲಿ ಉಗುರುಗಳ ಟಿಕ್ ಟಿಕ್ ಸದ್ದು ಕೆಳಗಿಳಿಯುತ್ತ ಹೋಗಿ ಕೊನೆಗೆ ಅಡಗಿತು.

ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಬಟಾಣಿ ಮತ್ತೆ ಕೂತಳು, ಬೆನ್ನು ನನ್ನ ಕಡೆಗೆ. ಬಿಚ್ಚಿದ ಕೂದಲು ಅಷ್ಟರಲ್ಲಿ ಸಿಕ್ಕಾಗಿತ್ತು. ತುದಿಯಿಂದ ಶುರುಮಾಡಿ ಒಂದೊಂದೇ ಗಂಟು ಬಿಡಿಸಿದೆ. ನೋವಾದರೆ ಅವಳು ಹೆಗಲು ಏರಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಹೆಗಲು ಏರಿದಾಗಲೆಲ್ಲ ನಾನು ಕೈ ತಡೆದೆ. ಹೊರಗೆ ಬಿಸಿಲಿನಲ್ಲಿ ಒಗೆದು ಹಾಕಿದ ಬಿಳಿ ಹೊದಿಕೆಯೊಂದು ಗಾಳಿ ತುಂಬಿಕೊಂಡು ಉಬ್ಬಿ, ಮತ್ತೆ ಇಳಿಯುತ್ತಿತ್ತು. ಅದರ ಹಿಂದೆ ನಮ್ಮ ಬೀದಿ ಒಂದು ಕ್ಷಣ ಕಾಣದಾಗಿ, ಅಲ್ಲಿ ದರ್ಜಿಯೂ ಹಲ್ಲಿನ ಡಾಕ್ಟರೂ ಪಿಟೀಲು ಮೇಷ್ಟ್ರೂ ಇರಬಹುದೇನೋ ಎನ್ನಿಸಿ, ಮತ್ತೆ ನಮ್ಮ ಬೀದಿಯೇ ಆಗುತ್ತಿತ್ತು.

ಮೂರು ಪಾಲು ಮಾಡಿದೆ. ಬಲಗಡೆಯದು ನಡುವಿಗೆ, ಎಡಗಡೆಯದು ನಡುವಿಗೆ.

"ಅಮ್ಮಾ."

"ಹೂಂ."

"ಕೇಳ್ಬಹುದು ಅಂದ್ಯಲ್ಲ, ನಿಜವಾಗ್ಲೂನಾ?"

"ನಿಜವಾಗ್ಲೂ."

"ನಿಂಗೂ ಗೊತ್ತಿಲ್ದೆ ಇದ್ರೆ?"

"ಗೊತ್ತಿಲ್ಲ ಅಂತೀನಿ. ಗೊತ್ತಿದ್ರೆ ಗೊತ್ತಿರೋದನ್ನೇ ಹೇಳ್ತೀನಿ."

"ನೀನು ಅಳ್ತೀಯಾ?"

"ಅತ್ರೂ ಅತ್ಕೊಂಡೇ ಹೇಳ್ತೀನಿ. ಜಡೆ ಬಿಡಲ್ಲ."

ಅವಳು ಸ್ವಲ್ಪ ನಕ್ಕಳು. ಕೂದಲಿನ ಮೂಲಕ ಆ ನಗು ನನ್ನ ಬೆರಳಿಗೆ ಬಂತು. ಆಮೇಲೆ ನಗು ನಿಂತಿತು. ಅವಳ ಬೆನ್ನು ನೆಟ್ಟಗಾಯಿತು, ಉಸಿರು ಒಳಕ್ಕೆ ಹೋಗಿ ಅಲ್ಲೇ ನಿಂತಿತು. ನಾನು ಜಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಎಳೆಯಲಿಲ್ಲ.

ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ, ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಬಟಾಣಿ ಕೇಳಿದಳು:

"ಅಪ್ಪ ಇನ್ಮೇಲೆ ಈ ಮನೆಗೆ ವಾಪಸ್ಸು ಬರೋದೇ ಇಲ್ವಾ ಅಮ್ಮಾ, ಇಲ್ಲಾ ನಾನೇ ಸರಿಯಾಗಿ ಹುಡುಕ್ತಾ ಇಲ್ವಾ?"